ಗ್ಯಾಸ್ ಲೀಕ್ ಬೆಳಗ್ಗೆ 11ಕ್ಕೆ, ದಯವಿಟ್ಟು ಸಹಕರಿಸಿ

ಫ್ಯಾಕ್ಟರಿಯಲ್ಲಿ ಗ್ಯಾಸ್ ಸೋರಿದ್ರೆ ಏನು ಮಾಡ್ಬೇಕು ಅಂತ ತೋರಿಸೋ ಅಣಕು ಪ್ರದರ್ಶನ ಯಶಸ್ವಿ ಅಂತ ಸುದ್ದಿ ಬಂದಿದೆ. ಯಾವತ್ತು ಆಗಿಲ್ಲ ಹೇಳಿ? ರಾಸಾಯನಿಕ ದುರಂತದ ಮಾಕ್ ಡ್ರಿಲ್ ಫೇಲ್ ಆಯ್ತು ಅನ್ನೋ ಸುದ್ದಿ ನಾನಂತೂ ಇವತ್ತಿನವರೆಗೂ ಓದಿಲ್ಲ. ಸಾಹೇಬ್ರು ಬಂದು ಕುರ್ಚಿಲಿ ಕೂರೋವರೆಗೂ ಅಮೋನಿಯ ಪೈಪೊಳಗೇ ಮರ್ಯಾದೆಯಿಂದ ಕಾಯ್ತಾ ಇರುತ್ತೆ, ಸೈರನ್ ಒಂದೇ ಸಲಕ್ಕೆ ಹೊಡ್ಕೊಳುತ್ತೆ, ಆಂಬುಲೆನ್ಸ್ ಗೇಟ್ ಹತ್ರ ಇಂಜಿನ್ ಆನ್ ಮಾಡ್ಕೊಂಡೇ ನಿಂತಿರುತ್ತೆ, ಗಾಳಿ ಕೂಡ ಶಾಮಿಯಾನದ ಕಡೆ ಬೀಸಲ್ಲ.

ನನಗೆ ಇದ್ರಲ್ಲಿ ಬಹಳ ಇಷ್ಟ ಆಗೋ ಪಾತ್ರ ಅಂದ್ರೆ ಗಾಯಾಳು. ಸ್ಟ್ರೆಚರ್ ಮೇಲೆ ಪ್ರಜ್ಞೆ ತಪ್ಪಿ ಮಲಗಿರೋ ಸೆಕ್ಯುರಿಟಿ ಅಣ್ಣ, ಫೋಟೋದವರು 'ಇನ್ನೊಂದ್ಸಲ ಸಾರ್' ಅಂದ್ರೆ ಪಾಪ ತಾನೇ ಎದ್ದು ನಡ್ಕೊಂಡು ಹೋಗಿ ಮತ್ತೆ ಪ್ರಜ್ಞೆ ತಪ್ಪಿ ಬೀಳ್ತಾನೆ. ಮಾಸ್ಕ್ ಹಾಕೋಕೆ ನಾಲ್ಕು ಜನ, ಮೂರು ಜನ ನೋಡ್ತಿರೋದು ಕ್ಯಾಮೆರಾನ. ಸಾವು ಸೊನ್ನೆ, ಎಲ್ರಿಗೂ ಉಪ್ಪಿಟ್ಟು.

ರೂಲ್ಸಿಗೇನು ಬರ ಇಲ್ಲ ನಮ್ಮಲ್ಲಿ. ಭೋಪಾಲ್ ಅನಿಲ ದುರಂತ ಆದ್ಮೇಲೆ 1989ರಲ್ಲಿ ಒಂದು ಬಂತು, ಅಪಾಯ ಫ್ಯಾಕ್ಟರಿ ಹೊರಗೆ ಹಬ್ಬಿದ್ರೆ ಏನು ಮಾಡ್ಬೇಕು ಅನ್ನೋ ಪ್ಲಾನನ್ನ ವರ್ಷಕ್ಕೊಮ್ಮೆಯಾದ್ರೂ ರಿಹರ್ಸಲ್ ಮಾಡ್ಬೇಕು, ಅಕ್ಕಪಕ್ಕದ ಜನಕ್ಕೆ ಏನು ಅಪಾಯ ಇದೆ, ಆದಾಗ ಏನು ಮಾಡ್ಬೇಕು ಏನು ಮಾಡ್ಬಾರ್ದು ಅಂತ ತಿಳಿಸ್ಬೇಕು ಅಂತ. 1996ರಲ್ಲಿ ಇನ್ನೊಂದು, ಕೇಂದ್ರ ರಾಜ್ಯ ಜಿಲ್ಲೆ ಸ್ಥಳೀಯ ಅಂತ ನಾಲ್ಕು ಅಂತಸ್ತಿನ ಕ್ರೈಸಿಸ್ ಗ್ರೂಪು, ಅಂದ್ರೆ ಇಂಥ ದುರಂತ ನಿಭಾಯಿಸೋ ಸಮಿತಿ. ನಿಮ್ಮೂರಿನ ಗ್ರೂಪಲ್ಲಿ ಯಾರ್ಯಾರಿದ್ದಾರೆ ಹೇಳಿ ನೋಡೋಣ. ಬೀದಿ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಯಾರು ಅಂದ್ರೆ ನಿದ್ದೆಗಣ್ಣಲ್ಲೂ ಹೇಳ್ತೀರಿ. ಪ್ಲಾನ್ ಫೈಲಂತೂ ಬೀರುವಿನಲ್ಲಿ ಭದ್ರವಾಗಿದೆ, ವಿಷಾನಿಲ ಆಚೆ ಬಂದ್ರೂ ಅದು ಆಚೆ ಬರಲ್ಲ.

2020ರ ಮೇ 7, ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್. ಪ್ಲಾಸ್ಟಿಕ್ ಮಾಡೋಕೆ ಬಳಸೋ ಸ್ಟೈರೀನ್ ಅನ್ನೋ ರಾಸಾಯನಿಕ ಸೋರಿದ್ದು ನಸುಕಿನ ಮೂರು ಗಂಟೆ ಸುಮಾರಿಗೆ, ಯಾರ ಟೈಮನ್ನೂ ಕೇಳ್ಲಿಲ್ಲ. ಸೈರನ್ ಇತ್ತು ಸ್ವಾಮಿ, ಮೊಳಗ್ಲಿಲ್ಲ ಅಷ್ಟೇ. 12 ಜನ ಹೋದ್ರು. 1984ರಲ್ಲಿ ಭೋಪಾಲಿನ ಜನ ಯಾವ ಕಡೆ ಓಡ್ಬೇಕು ಅಂತ ಗೊತ್ತಿಲ್ದೆ ಗಾಳಿ ಬೀಸ್ತಿದ್ದ ಕಡೆಗೇ ಓಡಿದ್ರಲ್ಲ, ಒದ್ದೆ ಬಟ್ಟೆ ಮುಖಕ್ಕೆ ಹಿಡ್ಕೊಳ್ರಪ್ಪ ಅಂತ ಮೊದಲೇ ಹೇಳೋಕೆ ಎಷ್ಟು ಕೋಟಿ ಬೇಕಿತ್ತು? ಸಾವಿರಾರು ಹೆಣ ಬಿದ್ಮೇಲೆ ಬರೆದ ರೂಲ್ಸನ್ನ ಇಟ್ಕೊಂಡು ವರ್ಷಕ್ಕೊಂದು ನಾಟಕ ಆಡ್ತಾ ಕೂತಿದೀವಿ, ನಗು ಬರ್ತಿಲ್ಲ ಇವಾಗ, ಸಾಕಾಗಿದೆ.

ಕೊಡ್ಬೇಕಿರೋದು ಒಂದು ಚೀಟಿ. ಒಳಗಿರೋದು ಇಂಥ ಗ್ಯಾಸು, ವಾಸನೆ ಹೀಗಿರುತ್ತೆ, ಗಾಳಿಗೆ ಅಡ್ಡ ದಿಕ್ಕಿಗೆ ಹೋಗಿ, ಈ ನಂಬರಿಗೆ ಫೋನ್ ಮಾಡಿ. ಕೊಟ್ರೆ ಜನ ಗಾಬರಿ ಆಗ್ತಾರಂತೆ. ಆಗ್ಲಿ ಬಿಡ್ರೀ! ಗಾಬರಿ ಆದ ಜನ ಸುಮ್ನಿರಲ್ಲ, ಫ್ಯಾಕ್ಟರಿ ಗೋಡೆಗೆ ಅಂಟಿಸಿ ಲೇಔಟ್ ಮಾಡೋಕೆ ಅಪ್ರೂವಲ್ ಕೊಟ್ಟಿದ್ದು ಯಾರು ಅಂತ ಕೇಳ್ತಾರೆ. ಅದಕ್ಕೇ ಆ ಚೀಟಿ ಪ್ರಿಂಟ್ ಆಗ್ತಿಲ್ಲ.