ಮುಚ್ಚಿದ ಶಾಲೆಗೂ ದಸರಾ ರಜೆ

ಬಾಗಿಲು ಹಾಕಿರುವ ಶಾಲೆಗೆ ರಜೆ ಕೊಡುವುದು ಹೇಗೆಂಬುದು ಸಾಮಾನ್ಯರಿಗೆ ಬಿಡಿಸಲಾಗದ ಒಗಟಾಗಿ ಕಂಡೀತು; ನಮ್ಮ ರಾಜ್ಯ ಸರ್ಕಾರ ಅದನ್ನು ಒಂದೇ ಪ್ರಕಟಣೆಯಲ್ಲಿ ಬಿಡಿಸಿತು. ಕೊರೊನಾ ಸೋಂಕಿನ ಕಾರಣಕ್ಕೆ 2020ರ ಮಾರ್ಚ್‌ನಿಂದ ಬೀಗ ಬಿದ್ದಿದ್ದ ಶಾಲೆಗಳಿಗೆ ಅದೇ ವರ್ಷದ ಅಕ್ಟೋಬರ್ 12ರಿಂದ 30ರವರೆಗೆ ಮಧ್ಯಂತರ ರಜೆ ಘೋಷಣೆಯಾಯಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದವರನ್ನು ಆಡಿಕೊಂಡು ನಗುತ್ತಿದ್ದ ನಾಡಿನಲ್ಲಿ, ಶಾಲೆ ತೆರೆಯುವ ಮುನ್ನವೇ ರಜೆ ಮಂಜೂರಾದಾಗ ಯಾರೂ ನಗಲಿಲ್ಲ. ಹಾಸನ ಜಿಲ್ಲೆಯ ತಾಯಂದಿರಿಗಂತೂ ಆ ಹೊತ್ತಿಗೆ ನಗುವಷ್ಟು ಪುರುಸೊತ್ತು ಉಳಿದಿರಲಿಲ್ಲ.

ಶಿಕ್ಷಕರಿಗೆ ಆ ವಿಶ್ರಾಂತಿ ಸಲ್ಲಬೇಕಾದದ್ದೇ. ಊರೂರು ಸುತ್ತಿ ಪಾಠ ಹೇಳಿದವರಲ್ಲಿ ಹಲವರಿಗೆ ಸೋಂಕು ತಗುಲಿತ್ತು, ಆ ಬಗ್ಗೆ ತಕರಾರಿಲ್ಲ. ಆದರೆ ಅಷ್ಟರಲ್ಲಿ ಶಾಲೆಯೆಂಬುದು ತನ್ನ ಕಟ್ಟಡವನ್ನು ಬಿಟ್ಟು ಮನೆಮನೆಯ ನಡುಮನೆಗೆ ಬಂದು ಕುಳಿತಿತ್ತು. ಬೆಳಿಗ್ಗೆ ಮೊಬೈಲಿನ ಮುಂದೆ ಹಾಜರಿ ಹಾಕಿಸುವುದು, ಬರೆಸಿದ ಹೋಂವರ್ಕಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಮಗ್ಗಿ ಒಪ್ಪಿಸಿಕೊಳ್ಳುವುದು, ಮಧ್ಯಾಹ್ನದ ಬಿಸಿಯೂಟ ಬಡಿಸುವುದು, ಕೊನೆಗೆ ಗಂಟೆ ಹೊಡೆದು ಮಕ್ಕಳನ್ನು ಆಟಕ್ಕೆ ಬಿಡುವುದು, ಇವೆಲ್ಲವೂ ತಾಯಿಯೊಬ್ಬಳ ಕೆಲಸಗಳಾಗಿದ್ದವು. ಆಕೆಯ ಕೈಗೆ ನೇಮಕಾತಿ ಆದೇಶ ಬಂದಿರಲಿಲ್ಲವಾದ್ದರಿಂದ ರಜೆಯ ಆದೇಶವೂ ಆಕೆಗೆ ಅನ್ವಯಿಸಲಿಲ್ಲ.

ಇದೆಲ್ಲ ಶುರುವಾದದ್ದು ‘ಒಂದು ವಾರ’ದಿಂದ ಎಂಬುದನ್ನು ಈಗ ನೆನೆದರೆ ನಂಬುವುದು ಕಷ್ಟ. 2020ರ ಮಾರ್ಚ್ 13ರಂದು ಸರ್ಕಾರ ಮಾಲ್, ಚಿತ್ರಮಂದಿರ, ಮದುವೆ, ಜಾತ್ರೆಗಳ ಜೊತೆಗೆ ಪಾಠವನ್ನೂ ಒಂದು ವಾರದ ಮಟ್ಟಿಗೆ ನಿಲ್ಲಿಸಿತು. ಮಕ್ಕಳು ಸಂಭ್ರಮದಿಂದ ಚೀಲ ಬಿಸಾಡಿದರು. ಒಂದು ವಾರಕ್ಕೆ ಸಾಕೆಂದು ಅಜ್ಜಿಯರು ಚಕ್ಕುಲಿ ಕರಿದರು. ಆ ವಾರ ಒಂದರಿಂದ ಐದನೇ ತರಗತಿಯ ಮಕ್ಕಳ ಪಾಲಿಗೆ ಮುಗಿದದ್ದು 2021ರ ಅಕ್ಟೋಬರ್ 25ರ ಸೋಮವಾರ. ಪಂಚಾಂಗ ನೋಡಿ ಮುಹೂರ್ತ ಇಡುವವರ ಲೆಕ್ಕದಲ್ಲಿಯೂ ಇಷ್ಟು ಉದ್ದದ ವಾರ ಇದ್ದಂತಿಲ್ಲ.

ನಡುವೆ ಮನೆಪಾಠ ಹೇಗೆ ನಡೆಯಬೇಕೆಂಬುದರ ಬಗ್ಗೆ ಮಾರ್ಗದರ್ಶನಕ್ಕೆ ಕೊರತೆಯಿರಲಿಲ್ಲ. 2020ರ ಜೂನ್‌ನಲ್ಲಿ ಎಲ್‌ಕೆಜಿಯಿಂದ ಐದನೇ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ಸರ್ಕಾರ ನಿಷೇಧಿಸಿತು. ನಿಷೇಧವನ್ನು ಏಳನೇ ತರಗತಿಯವರೆಗೆ ಚಾಚಬೇಕೆಂಬ ಮಾತೂ ಬಂತು. ತಜ್ಞರ ಸಮಿತಿ ಕುಳಿತಿತು. ತಿಂಗಳು ಕಳೆಯುವುದರೊಳಗೆ ಒಂದಿಷ್ಟು ಪಾಠಕ್ಕೆ ಅನುಮತಿ ಸಿಕ್ಕಿತು. ಜುಲೈನಲ್ಲಿ ಹೈಕೋರ್ಟ್ ನಿಷೇಧಕ್ಕೇ ತಡೆ ನೀಡಿತು. ಅದೇ ಜುಲೈನಲ್ಲಿ ಕೇಂದ್ರದ ‘ಪ್ರಜ್ಞಾತಾ’ ಮಾರ್ಗಸೂಚಿ ಬಂದು, ಒಂದರಿಂದ ಎಂಟನೇ ತರಗತಿಯವರಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ ಸಾಕು ಎಂದಿತು. ಪರದೆಯ ಮುಂದೆ ಮಗು ಎಷ್ಟು ನಿಮಿಷ ಇರಬೇಕೆಂದು ದೆಹಲಿ ಮತ್ತು ಬೆಂಗಳೂರು ಹೀಗೆ ಎಳೆದಾಡುತ್ತಿದ್ದಾಗ, ನಮ್ಮ ಸಕಲೇಶಪುರ ಸೀಮೆಯಲ್ಲಿ ಆ ಪ್ರಶ್ನೆಯನ್ನು ಪುಷ್ಯ ಮಳೆ ತಾನಾಗಿಯೇ ಬಗೆಹರಿಸಿತ್ತು. ಕರೆಂಟು ಹೋದರೆ ಮೂರು ದಿನ ಬರುವುದಿಲ್ಲ, ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಕಣ್ಣಿನ ಆರೋಗ್ಯದ ದೃಷ್ಟಿಯಿಂದ ಇಷ್ಟು ಕಟ್ಟುನಿಟ್ಟಾದ ಮಾರ್ಗಸೂಚಿಯನ್ನು ಯಾವ ತಜ್ಞರೂ ಬರೆದಿರಲಾರರು.

ಹಾನುಬಾಳಿನ ಆಚೆಗಿನ ಒಂದು ತೋಟದ ಮನೆಯ ಏರ್ಪಾಡನ್ನು ಇಲ್ಲಿ ಹೇಳಲೇಬೇಕು. ಆ ಮನೆಗೆ ಟವರ್ ಸಿಗುವುದು ಹಿತ್ತಲಿನ ಮೇಲಿನ ದಿಬ್ಬದಲ್ಲಿ ಮಾತ್ರ, ಅದೂ ಹಳೆಯ ಹಲಸಿನ ಮರದ ಬುಡದಿಂದ ಕಾಫಿ ಗಿಡಗಳ ಮೊದಲ ಸಾಲಿನವರೆಗಿನ ಜಾಗದಲ್ಲಿ. ಬೆಂಗಳೂರಿನ ಕಂಪನಿಯಲ್ಲಿ ಕೆಲಸಕ್ಕಿದ್ದ ಮಗ ಸಂಸಾರ ಸಮೇತ ಊರಿಗೆ ಬಂದಿದ್ದ. ಅವನ ವರ್ಕ್ ಫ್ರಮ್ ಹೋಮ್ ಮತ್ತು ಮೂರನೇ ತರಗತಿಯ ಮಗಳ ಆನ್‌ಲೈನ್ ಕ್ಲಾಸು ಎರಡಕ್ಕೂ ಆ ದಿಬ್ಬವೇ ಗತಿಯಾಯಿತು. ನಾಲ್ಕು ಅಡಿಕೆ ದಬ್ಬೆ ನೆಟ್ಟು, ಮೇಲೆ ನೀಲಿ ಟಾರ್ಪಾಲು ಹೊದಿಸಿ, ಒಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಕುರ್ಚಿಗಳನ್ನು ಬೆನ್ನಿಗೆ ಬೆನ್ನು ತಾಗುವಂತೆ ಇಟ್ಟದ್ದು, ಅಪ್ಪನ ಮೀಟಿಂಗಿನಲ್ಲಿ ಮಗಳ ಮುಖವೂ ಮಗಳ ಕ್ಲಾಸಿನಲ್ಲಿ ಅಪ್ಪನ ಲುಂಗಿಯೂ ಕಾಣಬಾರದೆಂಬ ಮುನ್ನೆಚ್ಚರಿಕೆಯಿಂದ. ಮುಖ ಕಾಣದಿದ್ದರೂ ದನಿಯನ್ನು ತಡೆಯಲಾಗಲಿಲ್ಲ. ಮಳೆಯ ಸದ್ದನ್ನು ಮೀರಿಸಿ ಅಪ್ಪ ‘ಸರ್, ನನ್ನ ವಾಯ್ಸ್ ಬರ್ತಾ ಇದೆಯಾ?’ ಎಂದು ಕೂಗುತ್ತಿದ್ದ, ಮಗಳು ‘ಮಿಸ್, ನಿಮ್ಮ ವಾಯ್ಸ್ ಬರ್ತಾ ಇಲ್ಲ’ ಎಂದು ಕೂಗುತ್ತಿದ್ದಳು. ಮೂರನೇ ತಿಂಗಳ ವರದಿ ಒಪ್ಪಿಸುವಾಗ ಹಿನ್ನೆಲೆಯಲ್ಲಿ ಏಳರ ಮಗ್ಗಿ ಕೇಳಿದ ಮ್ಯಾನೇಜರರು ಅಂಕಿಗಳನ್ನು ಮತ್ತೊಮ್ಮೆ ತಾಳೆ ನೋಡಲು ಸೂಚಿಸಿದರಂತೆ.

ಒಂದು ದಿನ ಮಗಳಿಗೆ ಪಿಟಿ ಕ್ಲಾಸು. ಅತ್ತಲಿಂದ ಟೀಚರು ನಿಂತಲ್ಲೇ ಹತ್ತು ಬಾರಿ ನೆಗೆಯಲು ಹೇಳಿದರು. ಮಗು ನೆಗೆಯಿತು, ಕೆಸರಿನಲ್ಲಿ ಕುರ್ಚಿಯ ಕಾಲು ಹೂತು, ಬೆನ್ನಿಗಿದ್ದ ಅಪ್ಪ ಲ್ಯಾಪ್‌ಟಾಪ್ ಸಮೇತ ವಾಲಿದ. ಕೊಡೆ ಹಿಡಿದು, ಬಟ್ಟಲಲ್ಲಿ ಬಿಸಿ ಕಡುಬು ಹೊತ್ತು ದಿಬ್ಬ ಹತ್ತಿ ಬಂದ ಅಜ್ಜ ಈ ದೃಶ್ಯವನ್ನು ನೋಡಿ, ‘ಪುಟ್ಟಿ, ನಿನ್ ಮಿಸ್ಸಿಗೆ ಹೇಳವ್ವ, ಈ ಮಳೆ ನಿಲ್ಲೋ ತಂಕ ಪಾಠ ನಿಲ್ಸಿ ಅಂತ. ಇಷ್ಟ್ ಜೋರಾಗಿ ಕೂಗೋ ಬದ್ಲು ಫೋನಿಲ್ದೇನೇ ಕೂಗಿದ್ರೂ ಕೇಳ್ಸುತ್ತೆ’ ಎಂದರು. ಅಜ್ಜನ ಈ ಮಾತು ಮ್ಯೂಟ್ ಆಗದೆ ನೇರವಾಗಿ ತರಗತಿಗೆ ತಲುಪಿತು. ಆ ದಿನ ಅಡ್ಡಿಯಿಲ್ಲದೆ ಸ್ಪಷ್ಟವಾಗಿ ಕೇಳಿಸಿದ ಮಾತು ಅದೊಂದೇ ಎಂದು ಟೀಚರೇ ಒಪ್ಪಿಕೊಂಡರೆಂದು ಕೇಳಿದ್ದೇನೆ.

ಇದು ಟಾರ್ಪಾಲಿಗೂ ಎರಡು ಫೋನಿಗೂ ಗತಿಯಿದ್ದ ಮನೆಯ ಕತೆ. ಅದೇ ತೋಟದ ಕೂಲಿ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಮನೆಗೆ ಫೋನು ಒಂದೇ, ಅದು ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಗಿ ಸಂಜೆ ಬ್ಯಾಟರಿ ಮುಗಿದು ಮನೆಗೆ ಬರುತ್ತಿತ್ತು. ಇಂಥವರಿಗಾಗಿಯೇ ಇಲಾಖೆ ಆಗಸ್ಟ್‌ನಲ್ಲಿ ‘ವಿದ್ಯಾಗಮ’ವನ್ನು ತಂದು, ಮಕ್ಕಳನ್ನು ಇಂಟರ್‌ನೆಟ್ ಇರುವ ಫೋನಿನವರು, ಬರಿಯ ಫೋನಿನವರು, ಏನೂ ಇಲ್ಲದವರು ಎಂದು ಮೂರು ಗುಂಪು ಮಾಡಿತು. ನ್ಯಾಯವಾಗಿ ಹೇಳಬೇಕೆಂದರೆ, ಆ ಇಡೀ ಕಾಲದಲ್ಲಿ ಮಕ್ಕಳಿರುವ ಕಡೆಗೆ ಸರ್ಕಾರ ತಾನೇ ನಡೆದು ಹೋದದ್ದು ಇದೊಂದೇ. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಕಣದ ಷೆಡ್ಡು, ಎಲ್ಲೆಂದರಲ್ಲಿ ಮೇಷ್ಟ್ರುಗಳು ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸಿದರು. ಆದ್ದರಿಂದಲೇ ಇರಬೇಕು, ಅಕ್ಟೋಬರ್‌ನಲ್ಲಿ ಮೊದಲು ನಿಂತದ್ದೂ ಅದೇ. ದೂರದರ್ಶನದ ಚಂದನದಲ್ಲಿ ಪಾಠಗಳು ಬರುತ್ತಿದ್ದವಲ್ಲ ಎಂದು ಕೇಳುವವರಿಗೆ, ಮೇಲೆ ಹೇಳಿದ ಕರೆಂಟಿನ ವಿಷಯವನ್ನು ಇನ್ನೊಮ್ಮೆ ಓದಿಕೊಳ್ಳಬೇಕೆಂದು ವಿನಂತಿ.

ಮಕ್ಕಳ ಮೇಲಿನ ಕಾಳಜಿಯಿಂದಲೇ ಶಾಲೆ ಮುಚ್ಚಿದ್ದೆಂದು ನಂಬಲು ನಾನು ಸಿದ್ಧನಿದ್ದೇನೆ. ತೆರೆದ ಬಾಗಿಲುಗಳ ಸರದಿಯನ್ನು ನೋಡದಿದ್ದರೆ ಮಾತ್ರ. 2020ರ ಮೇ 4ರಂದು ಮದ್ಯದಂಗಡಿ ತೆರೆಯಿತು, ಕೆಲವು ಕಡೆ ಪೂಜೆಯೊಂದಿಗೆ. ಜೂನ್ 8ರಂದು ದೇವಸ್ಥಾನ, ಹೋಟೆಲ್, ಮಾಲ್. ಆಗಸ್ಟ್‌ನಲ್ಲಿ ಜಿಮ್. ಅಕ್ಟೋಬರ್ ನಡುವಿನಲ್ಲಿ ಅರ್ಧ ಆಸನಗಳೊಂದಿಗೆ ಚಿತ್ರಮಂದಿರ. ಖಜಾನೆಗೆ ತೆರಿಗೆ ತರುವವರ ಸಾಲು ಮುಗಿದ ಮೇಲೆ ಮತ ಹಾಕುವವರ ಸರದಿ ಬಂತು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯಿತಿ ಚುನಾವಣೆ. ಅದಕ್ಕೆ ಮತಗಟ್ಟೆ ಎಲ್ಲಿ? ಒಂಬತ್ತು ತಿಂಗಳಿಂದ ಮಕ್ಕಳಿಗೆ ಅಪಾಯಕಾರಿಯೆಂದು ಬೀಗ ಹಾಕಿದ್ದ ಅದೇ ಸರ್ಕಾರಿ ಶಾಲೆಯಲ್ಲಿ. ಜೇಡರ ಬಲೆ ಗುಡಿಸಿ, ಹಲಗೆಯ ಮೇಲೆ ಮಾರ್ಚ್ ತಿಂಗಳಿನ ದಿನಾಂಕವನ್ನು ಒರೆಸಿ, ಪುಟ್ಟ ಬೆಂಚುಗಳ ಮೇಲೆ ದೊಡ್ಡವರು ಕುಳಿತು ಬೆರಳಿಗೆ ಶಾಯಿ ಹಾಕಿದರು. ಊರಿನ ಹಿರಿಯರು, ಅಂದರೆ ವೈರಾಣುವಿಗೆ ಹೆಚ್ಚು ಅಂಜಬೇಕಾದವರು, ಕೋಲೂರಿಕೊಂಡು ಒಳಗೆ ಹೋಗಿ ಬರುವುದನ್ನು, ಕಡಿಮೆ ಅಂಜಬೇಕಾದ ಮಕ್ಕಳು ಕಾಂಪೌಂಡಿನ ಹೊರಗೆ ನಿಂತು ನೋಡಿದರು. ಅದೇ ವಾರ ರಾತ್ರಿ ಕರ್ಫ್ಯೂ ಘೋಷಣೆಯಾಗಿ, ವೇಳೆ ಬದಲಾಗಿ, ಜಾರಿಗೆ ಬರುವ ಮೊದಲೇ ರದ್ದಾದದ್ದು ಬೇರೆಯೇ ಕತೆ. ರಾತ್ರಿ 11ರ ಮೇಲೆ ಆಲೂರು ಪೇಟೆಯಲ್ಲಿ ಸುತ್ತಾಡುವ ಅಭ್ಯಾಸ ನಾಯಿಗಳಿಗೆ ಬಿಟ್ಟರೆ ಯಾರಿಗೂ ಇಲ್ಲದ ಕಾರಣ ಅದರಿಂದ ನಮಗೆ ಲಾಭವೂ ಇರಲಿಲ್ಲ, ನಷ್ಟವೂ ಆಗಲಿಲ್ಲ.

2021ರ ಏಪ್ರಿಲ್, ಮೇ ತಿಂಗಳುಗಳ ಎರಡನೇ ಅಲೆ ನಗೆಯ ವಸ್ತುವಲ್ಲ. ಆಗ ಮನೆಮನೆಯಲ್ಲೂ ಸಾವಿನ ಸುದ್ದಿ ಇತ್ತು, ಶಾಲೆ ತೆರೆಯಿರಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಪ್ರಶ್ನೆ ಏಳುವುದು ಅಲೆ ಇಳಿದ ನಂತರದ್ದರ ಬಗ್ಗೆ. ಮಕ್ಕಳು ಈ ಸೋಂಕನ್ನು ದೊಡ್ಡವರಿಗಿಂತ ಚೆನ್ನಾಗಿ ತಡೆದುಕೊಳ್ಳುತ್ತಾರೆ, ಆದ್ದರಿಂದ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯುವುದು ಜಾಣತನ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಹಾನಿರ್ದೇಶಕರಾಗಿದ್ದ ಬಲರಾಮ್ ಭಾರ್ಗವ ಅವರು ಜುಲೈನಲ್ಲಿಯೇ ಹೇಳಿದ್ದರು. ನಮ್ಮಲ್ಲಿ ಆ ಸಲಹೆಯನ್ನು ಶ್ರದ್ಧೆಯಿಂದ ಓದಿ, ತಲೆಕೆಳಗಾಗಿ ಪಾಲಿಸಲಾಯಿತು. ಆಗಸ್ಟ್ 23ರಂದು ಒಂಬತ್ತರಿಂದ ಮೇಲಿನವರು, ಸೆಪ್ಟೆಂಬರ್ 6ರಂದು ಆರರಿಂದ ಎಂಟು. ಇನ್ನೇನು ಚಿಕ್ಕವರ ಸರದಿ ಎನ್ನುವಾಗ ಅಕ್ಟೋಬರ್ 1ರಿಂದ ಚಿತ್ರಮಂದಿರಗಳ ಎಲ್ಲ ಆಸನಗಳೂ ಭರ್ತಿಗೆ ತೆರೆದವು, 3ರಿಂದ ಪಬ್ಬುಗಳು ತೆರೆದವು. ಪಬ್ಬಿನಲ್ಲಿ ಮಾಸ್ಕ್ ಹಾಕಿಕೊಂಡು ಕುಡಿಯುವ ಕಲೆಯನ್ನು ದೊಡ್ಡವರು ರೂಢಿಸಿಕೊಂಡಿದ್ದಾರೆಂದೂ, ಆರು ವರ್ಷದ ಮಗು ಮಾಸ್ಕ್ ಹಾಕಿಕೊಂಡು ‘ಅ ಆ ಇ ಈ’ ಹೇಳುವುದು ಇನ್ನೂ ಅಪಾಯವೆಂದೂ ನಾವು ಅರ್ಥ ಮಾಡಿಕೊಳ್ಳಬೇಕಾಗಿತ್ತು.

ಈ ಹೊತ್ತಿಗೆ ‘ಅ ಆ ಇ ಈ’ ಎಷ್ಟು ಉಳಿದಿತ್ತು ಎಂಬುದರ ಲೆಕ್ಕವೂ ಸಿಕ್ಕಿತ್ತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ ಎರಡರಿಂದ ಆರನೇ ತರಗತಿಯ ಮಕ್ಕಳ ಮೇಲೆ ನಡೆಸಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೇಕಡ 92 ಮಕ್ಕಳು ಹಿಂದಿನ ವರ್ಷ ಕಲಿತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ಶೇಕಡ 82 ಮಕ್ಕಳು ಗಣಿತದ್ದರಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಆದರೆ ತೇರ್ಗಡೆಗೆ ಇದು ಅಡ್ಡಿಯಾಗಲಿಲ್ಲ. 2020ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಆ ಕೊಠಡಿಯನ್ನು ಒಮ್ಮೆಯೂ ಕಾಣದೆ ಎರಡನೇ ತರಗತಿಗೆ ಬಡ್ತಿ ಪಡೆಯಿತು. ಇಲಾಖೆಗಳಲ್ಲಿ ಕಚೇರಿಗೆ ಬಾರದೆ ಬಡ್ತಿ ಪಡೆಯಲು ಹಲವು ವರ್ಷಗಳ ಸೇವೆ ಬೇಕಾಗುತ್ತದೆ. ನಮ್ಮ ಮಕ್ಕಳಿಗೆ ಅದು ಆರನೇ ವಯಸ್ಸಿನಲ್ಲಿಯೇ ಸಿದ್ಧಿಸಿತು.

ಕೊನೆಗೆ ಅಕ್ಟೋಬರ್ 25 ಬಂತು, ಒಂದು ಷರತ್ತಿನೊಂದಿಗೆ. ಶಾಲೆ ಮುಚ್ಚುವಾಗ ಯಾವ ತಂದೆತಾಯಿಯ ಅಭಿಪ್ರಾಯವನ್ನೂ ಕೇಳದಿದ್ದ ವ್ಯವಸ್ಥೆ, ತೆರೆಯುವಾಗ ಪೋಷಕರ ಲಿಖಿತ ಒಪ್ಪಿಗೆ ಪತ್ರವಿಲ್ಲದೆ ಮಗುವನ್ನು ಒಳಗೆ ಬಿಡುವಂತಿಲ್ಲ ಎಂದಿತು. ತೋಟದ ಲೈನಿನ ತಾಯಂದಿರು ಇದರಿಂದ ಸ್ವಲ್ಪ ತಬ್ಬಿಬ್ಬಾದರು, ಏಕೆಂದರೆ ಅವರಲ್ಲಿ ಹೆಚ್ಚಿನವರಿಗೆ ಬರೆಯಲು ಬಾರದು. ಹಿಂದೆಲ್ಲ ಇಂಥ ಪತ್ರಗಳನ್ನು ಮಕ್ಕಳೇ ಬರೆದು ಕೊಡುತ್ತಿದ್ದರು. ಈಗ ಮಕ್ಕಳಿಗೂ ಮರೆತಿತ್ತು. ನಾನು ನೋಡಿದ ಒಂದು ಶಾಲೆಯ ಗೇಟಿನಲ್ಲಿ ಟೀಚರು ಕುರ್ಚಿ ಹಾಕಿಕೊಂಡು ಕುಳಿತು, ‘ನನ್ನ ಮಗುವನ್ನು ಸ್ವಇಚ್ಛೆಯಿಂದ ಶಾಲೆಗೆ ಕಳುಹಿಸುತ್ತಿದ್ದೇನೆ’ ಎಂದು ಒಂದೊಂದೇ ಹಾಳೆಯಲ್ಲಿ ತಾವೇ ಬರೆದು, ತಾಯಂದಿರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು, ತಮಗೆ ತಾವೇ ಸಲ್ಲಿಸಿಕೊಂಡು, ಮೇಲೆ ‘ಸ್ವೀಕರಿಸಲಾಗಿದೆ’ ಎಂದು ಸಹಿ ಹಾಕಿ, ಮಕ್ಕಳನ್ನು ಒಳಗೆ ಬಿಡುತ್ತಿದ್ದರು.