ಕೊಡಲಿ ಏಟೂ ಹಾಡಿನದ್ದೇ

ನಮ್ಮ ಅಜ್ಜಿ ಹಾಡಿದ ಒಂದು ಕ್ಯಾಸೆಟ್ ನನ್ನ ಹತ್ತಿರ ಇದೆ. ಮಂಡ್ಯ ಕಡೆಯ ನಮ್ಮೂರಲ್ಲಿ ಮಾವ ರೆಕಾರ್ಡ್ ಮಾಡಿದ್ದು. ಅಜ್ಜಿ ರಾಗಿ ಬೀಸುವ ಪದ ಹೇಳುತ್ತಾಳೆ, ಹಿಂದೆ ಬೀಸುವ ಕಲ್ಲಿನ ಗರಗರ. ನಡುವೆ ಒಮ್ಮೆ "ಹುಶ್" ಅಂತ ಕೋಳಿ ಓಡಿಸಿ, ಬಿಟ್ಟ ಸೊಲ್ಲನ್ನೇ ಮತ್ತೆ ಹಿಡಿಯುತ್ತಾಳೆ. ಕಲ್ಲು ನಿಲ್ಲುವುದೇ ಇಲ್ಲ.

ಕ್ಯಾಸೆಟ್ ಹಾಳಾಗುವ ಮೊದಲು ಕಂಪ್ಯೂಟರಿಗೆ ಹಾಕಿಸೋಣ ಅಂತ ಊರಿಗೆ ಹೋದಾಗ ಒಂದು ಸ್ಟುಡಿಯೊಗೆ ಕೊಟ್ಟೆ. ಆ ಹುಡುಗ ಕೇಳಿ, "ಸಾರ್, ಈ ಗರಗರ ಎಲ್ಲ ತೆಗೆದು ಹಿಂದೆ ಕೀಬೋರ್ಡು, ತಬಲಾ ಕೂರಿಸ್ತೀನಿ, ಸೂಪರಾಗಿರುತ್ತೆ" ಅಂದ. ಪಾಪ, ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ಕಲ್ಲಿನ ಸದ್ದು ತೆಗೆದರೆ ಅದು ಬೀಸುವ ಪದ ಹೇಗಾಗುತ್ತೆ? ಹಾಡಿನ ತಾಳವೇ ಅದು ಅಲ್ವಾ?

ನಾನಿರುವುದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ. ಇಲ್ಲಿ ಜನ ಹಳೆಯ ರೆಕಾರ್ಡಿಂಗ್ ಕೇಳುವ ರೀತಿ ನೋಡಿ ನನಗೆ ಈ ಪ್ರಶ್ನೆ ಜಾಸ್ತಿ ಕಾಡತೊಡಗಿತು. 1959ರಲ್ಲಿ ಅಲನ್ ಲೋಮ್ಯಾಕ್ಸ್ ಎಂಬ ಜನಪದ ಹಾಡುಗಳ ಸಂಗ್ರಹಕಾರ ಮಿಸಿಸಿಪ್ಪಿಯ ಪಾರ್ಚ್‌ಮನ್ ಜೈಲಿಗೆ ಹೋಗಿ, ಕೈದಿಗಳು ಸೌದೆ ಕಡಿಯುತ್ತ ಹಾಡುತ್ತಿದ್ದುದನ್ನು ರೆಕಾರ್ಡ್ ಮಾಡಿಕೊಂಡ. ಹಾಡು ಎತ್ತಿಕೊಡುವವನು ಜೇಮ್ಸ್ ಕಾರ್ಟರ್. ಉಳಿದವರು ಸೊಲ್ಲು ಸೇರಿಸುತ್ತಾರೆ. ತಾಳಕ್ಕೆ ಸರಿಯಾಗಿ ಕೊಡಲಿಗಳೆಲ್ಲ ಒಟ್ಟಿಗೆ ಬೀಳುತ್ತವೆ, ಧಡ್! ವಾದ್ಯ ಅಂದರೆ ಅದೊಂದೇ. 2000ರಲ್ಲಿ ಒಂದು ಹಾಲಿವುಡ್ ಸಿನಿಮಾ ಶುರುವಾಗುವುದೇ ಈ ಹಾಡಿನಿಂದ. ಕೊಡಲಿ ಏಟನ್ನು ಯಾರೂ ತೆಗೆಯಲಿಲ್ಲ. ಆ ಸಿನಿಮಾದ ಆಲ್ಬಮ್ಮಿಗೆ 2002ರಲ್ಲಿ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಬಂತು. ಅದಕ್ಕೂ ಸ್ವಲ್ಪ ಮೊದಲು, ಕಾರ್ಟರ್ ಬದುಕಿದ್ದಾನಾ ಅಂತ ಹುಡುಕಿದ್ದರು. ಮುದುಕ ಶಿಕಾಗೋದಲ್ಲಿದ್ದ. ತಾನು ಆ ಹಾಡು ಹಾಡಿದ್ದೇ ಅವನಿಗೆ ನೆನಪಿರಲಿಲ್ಲವಂತೆ. 20,000 ಡಾಲರ್ ಚೆಕ್ಕು ಕೈಗಿಟ್ಟರು. ಅವನನ್ನು ಹುಡುಕುವುದಕ್ಕೆ ಆಗಿದ್ದು ಯಾಕೆ? ಅಂದು ಟೇಪಿನ ಜೊತೆ ಅವನ ಹೆಸರನ್ನೂ ಬರೆದಿಟ್ಟುಕೊಂಡಿದ್ದರು, ಅದಕ್ಕೆ.

ನಮ್ಮ ಕ್ಯಾಸೆಟ್ ಕಾಲದ ಜನಪದ ಗೀತೆಗಳನ್ನು ನೆನಪು ಮಾಡಿಕೊಳ್ಳಿ. ಸಂಗೀತ ನಿರ್ದೇಶಕರ ಹೆಸರು ದಪ್ಪಕ್ಷರದಲ್ಲಿ. ಸಾಹಿತ್ಯ ಎಂಬಲ್ಲಿ ಸುಮ್ನೆ "ಜನಪದ". ಯಾವ ಊರು, ಯಾರ ಬಾಯಿಂದ ಬಂತು, ಒಂದೂ ಇಲ್ಲ. ನಾನೂ ಅವನ್ನು ಕೇಳಿ ಕುಣಿದವನೇ, ಇಲ್ಲ ಅನ್ನಲ್ಲ. ಆದರೆ ಅವು ಈಗ ಆ ಕಾಲದ ಆರ್ಕೆಸ್ಟ್ರಾ ಥರ ಕೇಳಿಸುತ್ತವೆ. ಅಜ್ಜಿಯ ಟೇಪು ಹಾಗೆ ಹಳತಾಗಿಲ್ಲ. ಇನ್ನು ಕಂಸಾಳೆಯವರ ಮಾದಪ್ಪನ ಕಥೆ ಬೆಳತನಕ ನಡೆಯುವಂಥದ್ದು. ಒಂದು ಗಂಟೆಯ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಎಷ್ಟು ಹಿಡಿಸೀತು!

ನ್ಯೂಯಾರ್ಕಿನಲ್ಲಿ ಮೋಸೆಸ್ ಆಶ್ 1948ರಲ್ಲಿ ಶುರು ಮಾಡಿದ ಫೋಕ್‌ವೇಸ್ ಎಂಬ ರೆಕಾರ್ಡ್ ಕಂಪನಿಯ ಹಾಡಿನ ತಟ್ಟೆಗಳ ಜೊತೆ ಒಂದು ಪುಟ್ಟ ಪುಸ್ತಿಕೆ ಬರುತ್ತಿತ್ತು. ಯಾರು, ಎಲ್ಲಿ, ಹಾಡಿನ ಅರ್ಥವೇನು ಎಲ್ಲ ಅದರಲ್ಲಿ. 1987ರಲ್ಲಿ ಇಲ್ಲಿನ ಮ್ಯೂಸಿಯಂಗಳ ದೊಡ್ಡ ಸಂಸ್ಥೆ ಸ್ಮಿತ್‌ಸೋನಿಯನ್ ಆ ಕಂಪನಿಯನ್ನು ತೆಗೆದುಕೊಳ್ಳುವಾಗ ಒಂದು ಷರತ್ತಿತ್ತು. ಮಾರಾಟ ಆಗಲಿ ಬಿಡಲಿ, 2,000ಕ್ಕೂ ಹೆಚ್ಚಿನ ಆ ಆಲ್ಬಮ್‌ಗಳಲ್ಲಿ ಒಂದೂ ಸಿಗದಂತೆ ಆಗಬಾರದು!

ಹಾಗಂತ ಇಲ್ಲಿಯವರೆಲ್ಲ ಸಾಚಾ ಅಂತಲ್ಲ. ಲೆಡ್ ಬೆಲ್ಲಿ ಎಂಬ ಗಾಯಕ ಹಾಡುತ್ತಿದ್ದ ಹಾಡೊಂದು ಅವನು ತೀರಿಕೊಂಡ ಮರುವರ್ಷ, 1950ರಲ್ಲಿ, ಬೇರೆಯವರ ದನಿಯಲ್ಲಿ ದೇಶವಿಡೀ ಓಡಿತು. ಅದನ್ನು ಬರೆದವರ ಜಾಗದಲ್ಲಿ ಅವನ ಜೊತೆ ಲೋಮ್ಯಾಕ್ಸ್‌ನ ಅಪ್ಪನ ಹೆಸರೂ ಸೇರಿಕೊಂಡಿತ್ತು.

ನಮ್ಮಲ್ಲೂ ಕೆಲಸ ಮಾಡಿದವರಿದ್ದಾರೆ. ಎಚ್.ಎಲ್. ನಾಗೇಗೌಡರು ರಾಮನಗರದಲ್ಲಿ ಕಟ್ಟಿದ ಜಾನಪದ ಲೋಕ 1994ರಿಂದ ಇದೆ. ಮೈಸೂರಿಗೆ ಹೋಗುವಾಗ ಅದರ ಪಕ್ಕ ತಿಂಡಿಗೆ ಗಾಡಿ ನಿಲ್ಲಿಸಿ, ಒಳಗೆ ಹೋಗದೇ ಮುಂದೆ ಹೋಗುವವರಲ್ಲಿ ನಾನೂ ಒಬ್ಬನಾಗಿದ್ದೆ. ಇನ್ನೂ ಹಿಂದೆ, 1938ರಲ್ಲೇ, ಡಚ್ ವಿದ್ವಾಂಸ ಅರ್ನಾಲ್ಡ್ ಬಾಕೆ ಕರ್ನಾಟಕ, ಕೇರಳ, ತಮಿಳುನಾಡು ಸುತ್ತಿ ಹಾಡು ಹಿಡಿದಿಟ್ಟಿದ್ದ. 1984ರಲ್ಲಿ ಸಂಗೀತ ಸಂಶೋಧಕರಾದ ನಜೀರ್ ಜೈರಾಜ್‌ಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಧ್ವನಿಗಳನ್ನು ಹೊತ್ತು ಅದೇ ದಾರಿ ಹಿಡಿದರು. 46 ವರ್ಷದಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಅಂತ ನೋಡಲು. ಜೇಡದ ಬಲೆ ಕಟ್ಟಿದ ಪೆಟ್ಟಿಗೆಯಲ್ಲಿ ಇಡುವುದಕ್ಕಿಂತ ಹೀಗೆ ಊರಿಗೆ ವಾಪಸ್ ಒಯ್ಯುವುದು ನನಗೆ ಇಷ್ಟ.

ಹೋದ ವರ್ಷ ನಾನೂ ಒಯ್ದೆ. ಸ್ಟುಡಿಯೊ ಹುಡುಗ ಕೊನೆಗೂ ಗರಗರ ಹಾಗೇ ಬಿಟ್ಟು ಕೊಟ್ಟಿದ್ದ. ಜಗಲಿ ಮೇಲೆ ಕೂತು ದೊಡ್ಡಮ್ಮನಿಗೆ ಫೋನಿನಲ್ಲಿ ಕೇಳಿಸಿದೆ. ಕೋಳಿ ಓಡಿಸುವ ಜಾಗ ಬಂತು. ದೊಡ್ಡಮ್ಮ ನಕ್ಕು, "ಇಲ್ಲಿ ಅವ್ವ ಎರಡು ಸೊಲ್ಲು ಬಿಟ್ಬುಟ್ಟವ್ಳೆ ಕಣ್ಲಾ ಮಗ, ಕೋಳಿ ದೆಸೆಯಿಂದ" ಅಂತ, ಆ ಎರಡನ್ನೂ ತಾನೇ ಹೇಳಿಬಿಟ್ಟಳು. ಅದೇ ಎಳೆತ, ಅದೇ ತಿರುವು. ನಾನು ಬಾಯಿ ಬಿಟ್ಟುಕೊಂಡು ಕೇಳುತ್ತ ಕೂತೆ. ಕೈಯಲ್ಲೇ ಫೋನಿದೆ, ರೆಕಾರ್ಡ್ ಒತ್ತಬಹುದಿತ್ತು ಅಂತ ಹೊಳೆದಿದ್ದು, ಅವಳು ಕಾಫಿ ಕಾಸಲು ಎದ್ದು ಒಳಗೆ ಹೋದ ಮೇಲೆ.