ಡೆತ್ ಸ್ಟಾರ್‌ಗೆ ಅಡಿಗಲ್ಲು

ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ ಪಕ್ಕ ಒಂದು ಟೀ ಅಂಗಡಿ. ಮೊನ್ನೆ ಅಲ್ಲಿ ಒಬ್ಬ ಇಂಜಿನಿಯರಿಂಗ್ ಹುಡುಗ ತಲೆ ಕೆಡಿಸಿಕೊಂಡು ಕೂತಿದ್ದ. ‘ಸ್ಟಾರ್ ವಾರ್ಸ್’ನ ಡೆತ್ ಸ್ಟಾರ್ ಇದೆಯಲ್ಲ, ಒಂದೇ ಏಟಿಗೆ ಗ್ರಹವನ್ನೇ ಪುಡಿ ಮಾಡುವ ಉಕ್ಕಿನ ಗುಂಡು, ಅದನ್ನು ನಿಜವಾಗಿ ಕಟ್ಟೋಕೆ ಆಗುತ್ತಾ ಅಂತ. ಲೆಕ್ಕ ಹಾಕಿ ಹಾಕಿ ಕೊನೆಗೆ “ಆಗಲ್ಲ ಬಿಡಿ ಸಾರ್” ಅಂದ.

ಈ ಜಿಲ್ಲೆಯಲ್ಲಿ ಹುಟ್ಟಿ ಇಂಥ ಮಾತಾಡೋದಾ?

ಲೆಕ್ಕವೇನೋ ಸರಿಯಾಗಿಯೇ ಇತ್ತು. 2012ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಾಕಿದ್ದು. ಗುಂಡಿನ ಅಗಲ 140 ಕಿ.ಮೀ. ನಂದಿ ಬೆಟ್ಟದ ನೆತ್ತಿಗೆ ತಂದು ನಿಲ್ಲಿಸಿದರೆ ಕೋಲಾರ, ಬೆಂಗಳೂರು, ತುಮಕೂರು ಮೂರೂ ಅದರಡಿ ಬರುತ್ತವೆ. ಉಕ್ಕು 1,080 ಲಕ್ಷ ಕೋಟಿ ಟನ್ ಬೇಕು. ಆಗ ಪ್ರಪಂಚ ಉಕ್ಕು ತಯಾರಿಸುತ್ತಿದ್ದ ವೇಗದಲ್ಲಿ 8,33,315 ವರ್ಷ ಹಿಡಿಯುತ್ತಂತೆ. ಉಕ್ಕಿನ ಖರ್ಚೇ 85ರ ಮುಂದೆ 16 ಸೊನ್ನೆ, ಅದೂ ಡಾಲರ್‌ನಲ್ಲಿ. ಕೂಲಿ ಬೇರೆ.

ಆದರೂ ಅಲ್ಲಿನ 25 ಸಾವಿರಕ್ಕೂ ಜಾಸ್ತಿ ಜನ ‘ಕಟ್ಟಿಸಿಕೊಡಿ’ ಅಂತ ಶ್ವೇತಭವನಕ್ಕೆ ಅರ್ಜಿ ಹಾಕಿದರು. 2013ರ ಜನವರಿಯಲ್ಲಿ ಉತ್ತರ ಬಂತು: ದುಡ್ಡು ಜಾಸ್ತಿಯಾಯ್ತು, ಗ್ರಹ ಒಡೆಯೋದು ನಮ್ಮ ನೀತಿಯಲ್ಲ, ಒಬ್ಬನೇ ಕೂರುವ ವಿಮಾನ ಬಂದು ಉಡಾಯಿಸಿ ಹೋಗುವಂಥ ಸರಕಿಗೆ ತೆರಿಗೆ ಹಣ ಯಾಕೆ ಸುರಿಯಬೇಕು?

ಎಂಥ ಅಸಮರ್ಥರು ನೋಡಿ. ಅರ್ಜಿ ಬಂದ ಎರಡೇ ತಿಂಗಳಲ್ಲಿ ‘ಇಲ್ಲ’ ಅಂದುಬಿಟ್ಟರು. ಒಂದು ಸಮಿತಿ ಇಲ್ಲ, ಒಂದು ಶಾಮಿಯಾನ ಇಲ್ಲ.

ನಮಗೆ ಅನುಭವ ಇದೆ. ಎತ್ತಿನಹೊಳೆಯ ನೀರು ತರ್ತೀವಿ ಅಂತ 2014ರಲ್ಲಿ ಇದೇ ಊರಲ್ಲಿ ಅಡಿಗಲ್ಲು ಬಿತ್ತು. ಆಗ ಅಂದಾಜು ಸುಮಾರು 12,900 ಕೋಟಿ. 2023ಕ್ಕೆ ಅದು 23,251 ಕೋಟಿ ದಾಟಿತು. 2024ರ ಗೌರಿ ಹಬ್ಬಕ್ಕೆ ಮೊದಲ ಹಂತದ ಪಂಪು ತಿರುಗಿತು. ಎಲ್ಲಿ? ಸಕಲೇಶಪುರದಲ್ಲಿ. ಅಲ್ಲಿ ಮೊದಲಿಂದಲೂ ನೀರಿತ್ತು.

ಹತ್ತು ವರ್ಷ ಕಾದವರಿಗೆ ಎಂಟು ಲಕ್ಷ ವರ್ಷ ಯಾವ ಲೆಕ್ಕ? ಮೊದಲು ಒಂದು ಕಲ್ಲು ನೆಟ್ಟರಾಯ್ತು. ನಮ್ಮ ಹಳ್ಳಿಯ ಬಸ್ ಸ್ಟಾಪ್ ಹತ್ತಿರವೇ ಒಂದು ರೆಡಿ ಇದೆ. ಕರಿ ಗ್ರಾನೈಟ್, ಚಿನ್ನದ ಬಣ್ಣದ ಅಕ್ಷರ. ಹೆಸರುಗಳು ಹನ್ನೊಂದು. ಕಾಮಗಾರಿಯ ಹೆಸರು ಇದ್ದ ಸಾಲಿನ ಮೇಲೆ ಯಾರೋ ಟೊಮ್ಯಾಟೊ ಔಷಧಿಯ ಪೋಸ್ಟರ್ ಅಂಟಿಸಿದ್ದಾರೆ, ಹಾಗಾಗಿ ಅದು ಯಾವುದರ ಕಲ್ಲು ಅಂತ ಊರಲ್ಲಿ ಯಾರಿಗೂ ನೆನಪಿಲ್ಲ. ಮೇಕೆಗಳು ಬೆನ್ನು ಉಜ್ಜಿಕೊಳ್ಳುತ್ತವೆ. ಅದನ್ನೇ ಡೆತ್ ಸ್ಟಾರ್‌ಗೆ ಕೊಟ್ಟರೆ ಮೇಕೆಗಳ ತಕರಾರೇನೂ ಇರಲ್ಲ.

ಇನ್ನು ಆ ಎರಡು ಮೀಟರ್ ಕಿಂಡಿ. ಸಿನಿಮಾದಲ್ಲಿ ಅದರೊಳಕ್ಕೆ ಬಾಂಬು ಬಿಟ್ಟೇ ಇಡೀ ಗುಂಡನ್ನು ಸಿಡಿಸುತ್ತಾರೆ. ಯಾಕೆ ಮುಚ್ಚಲಿಲ್ಲ ಅಂತ ಹುಡುಗ ಕೇಳಿದ. ನೋಡಪ್ಪಾ, ಮುಚ್ಚಳ ಮೂಲ ಅಂದಾಜುಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಬೇರೆ ಟೆಂಡರ್. ಅಲ್ಲೀವರೆಗೂ ನಾಲ್ಕು ಕಲ್ಲಿಟ್ಟು, ಒಂದು ಹೊಂಗೆ ಕೊಂಬೆ ಸಿಕ್ಕಿಸಿರ್ತಾರೆ. ನಮ್ಮೂರ ಮೋರಿಗೂ ಹಾಗೇ ಮಾಡಿದ್ದು.

ಹುಡುಗ ಸೋಲಲಿಲ್ಲ. “ಕರೆಂಟ್ ಸಾರ್? ಭೂಮಿಯಂಥ ಗ್ರಹವನ್ನು ಒಡೆದು ಚದುರಿಸೋಕೆ ಸೂರ್ಯ ಒಂದು ವಾರ ಪೂರ್ತಿ ಸುರಿಯೋ ಶಕ್ತಿ ಬೇಕು.”

ಪಕ್ಕದಲ್ಲಿ ಸೇವಂತಿಗೆ ಮೂಟೆ ಒರಗಿಸಿಕೊಂಡು ಬನ್ ತಿನ್ನುತ್ತಿದ್ದ ಯಜಮಾನರು ಆಗ ಬಾಯಿ ಬಿಟ್ಟರು.

“ತ್ರೀ ಫೇಸೇ ಬೇಕೇನಪ್ಪಾ ಅದಕ್ಕೆ?”

“ಹೂಂ ಅನ್ನಿ.”

“ಹಂಗಾದ್ರೆ ನಮ್ಮ ಕಡೆ ರಾತ್ರಿ ಎರಡಕ್ಕೆ ಬರ್ತದೆ. ಆಟೋ ಸ್ಟಾರ್ಟರ್ ಹಾಕ್ಸು. ಇಲ್ದಿದ್ರೆ ಸ್ವಿಚ್ ಒತ್ತೋಕೆ ಒಬ್ಬನ್ನ ಅಲ್ಲೇ ಮಲಗಿಸ್ಬೇಕಾಗ್ತದೆ.”